ಯಾರು ಹೇಳಿದ್ದು? ಎಲ್ಲಿದೆ?

ಮೊನ್ನೆ ಬೀರು ತೆಗೆದಾಗ ನುಸಿಗುಳಿಗೆಯ ವಾಸನೆ ಮೂಗಿಗೆ ಬಡಿಯಿತು. ನಿಮಗೆ ಆ ವಾಸನೆಗೆ ಮದುವೆ ಸೀರೆ ನೆನಪಾಗಬಹುದು. ನನಗೆ ನೆನಪಾಗುವುದು ದೊಡ್ಡಬಳ್ಳಾಪುರದ ನಮ್ಮ ಕಾಲೇಜಿನ ಲೈಬ್ರರಿ, ನಾಗರತ್ನ ಮೇಡಂ.

ತೊಂಬತ್ತರ ದಶಕದ ಆರಂಭ. ಬಿ.ಎ. ಓದುತ್ತಿದ್ದೆ. ಮಗ್ಗದ ಮನೆಯ ಹುಡುಗಿ ನಾನು. ಆ ಸದ್ದಿನಲ್ಲಿ ಬೆಳೆದವಳಿಗೆ ಪಿಸುಮಾತು ಎಲ್ಲಿಂದ ಬರಬೇಕು? ಲೈಬ್ರರಿಗೆ ಹೋದರೆ ಗೈಡ್ ಕೇಳಲು ಮಾತ್ರ. ಉಳಿದ ಪುಸ್ತಕಗಳೆಲ್ಲ ನುಸಿಗುಳಿಗೆಗಳ ಜೊತೆ ಗಾಜಿನ ಬೀರುಗಳಲ್ಲಿ ಬೀಗ ಹಾಕಿಸಿಕೊಂಡು ಕೂತಿದ್ದವು. ಹೊಸದಾಗಿ ಬಂದ ಲೈಬ್ರರಿಯನ್ ನಾಗರತ್ನ ಮೇಡಂ ಮೊದಲ ವಾರವೇ ಬೀಗ ತೆಗೆಸಿ, ಶನಿವಾರದ ಮಧ್ಯಾಹ್ನ ಒಂದು ಆಟ ಶುರುಮಾಡಿದರು. ಎರಡು ತಂಡ. ಚೀಟಿ ಎತ್ತಿದರೆ ಒಂದು ಪ್ರಶ್ನೆ. ಉತ್ತರ ಗೊತ್ತಿದ್ದರೆ ಸಾಲದು. ಪುಸ್ತಕಗಳ ಹೆಸರು ಬರೆದಿಟ್ಟ ಕಾರ್ಡುಗಳ ಡ್ರಾಯರು ಜಾಲಾಡಿ, ಪುಸ್ತಕ ಹುಡುಕಿ, ಪುಟ ತೋರಿಸಬೇಕು. ಏನು ಹೇಳಿದರೂ ಮೇಡಂ ಕೇಳುತ್ತಿದ್ದುದು ಎರಡೇ ಮಾತು: "ಯಾರು ಹೇಳಿದ್ದು? ಎಲ್ಲಿದೆ?"

ಪ್ರಿನ್ಸಿಪಾಲರಿಗೆ ಇದು ಹಿಡಿಸಲಿಲ್ಲ. "ಇನ್ನೊಂದ್ಸಲ ಗಲಾಟೆ ಕೇಳಿಸ್ತೋ, ಆಟ ಬಂದ್" ಎಂದಿದ್ದರು.

ಒಂದು ಶನಿವಾರ ನನಗೆ ಬಂದ ಚೀಟಿ: ನಮ್ಮೂರಿಗೆ ಈ ಹೆಸರು ಹೇಗೆ ಬಂತು? ಉತ್ತರ ನಾಲಿಗೆ ತುದಿಯಲ್ಲೇ ಇತ್ತು.

"ಒಂದು ಹಸು ದಿನಾ ಹುತ್ತಕ್ಕೆ ಒಂದು ಬಳ್ಳದ ಅಳತೆ ಹಾಲು ಸುರಿಸ್ತಿತ್ತಂತೆ ಮೇಡಂ, ಅದಕ್ಕೆ!"

"ಯಾರು ಹೇಳಿದ್ದು?"

"ನಮ್ಮಜ್ಜಿ."

"ಸರಿ, ಪುಸ್ತಕದಲ್ಲೂ ಹುಡುಕು."

ನನ್ನ ಜೊತೆಗಾರ, ನಮ್ಮ ತಾಲ್ಲೂಕಿನದೇ ಹಳ್ಳಿ ಮಧುರೆಯ ಕೃಷ್ಣಪ್ಪ, ರೈತರ ಮನೆಯವನು. ಕಳೆ ಕೀಳುವಷ್ಟು ತಾಳ್ಮೆಯಿಂದ ಒಂದೊಂದೇ ಕಾರ್ಡು ಸರಿಸಿ, ಜಿಲ್ಲೆಯ ಚರಿತ್ರೆಯ ದಪ್ಪ ಪುಸ್ತಕವೊಂದನ್ನು ಪತ್ತೆಹಚ್ಚಿದ. ಅದೇ ಹಸು, ಅದೇ ಹುತ್ತ. ಕೊನೆಗೆ 'ಎಂದು ಹೇಳುತ್ತಾರೆ'. ಕೃಷ್ಣಪ್ಪ ತಲೆ ಕೆರೆದುಕೊಂಡ.

"ಮೇಡಂ, ಈ ಪುಸ್ತಕಕ್ಕೆ ಹೇಳಿದ್ಯಾರು? ಇವ್ರಜ್ಜೀನೇ ಇರ್ಬೇಕು!"

ಮೇಡಮ್ಮೂ ಸೇರಿ ಎಲ್ಲರೂ ಬಿದ್ದು ಬಿದ್ದು ನಕ್ಕೆವು. ನೋಡಿದರೆ ಬಾಗಿಲಲ್ಲಿ ಪ್ರಿನ್ಸಿಪಾಲರು! ಮೇಡಂ ಮುಖ ಬಿಳಿಚಿತು. ಕೃಷ್ಣಪ್ಪ ತೊದಲುತ್ತ ನಡೆದದ್ದನ್ನು ಹೇಳಿದ.

"ಹಸುನೂ ಇಲ್ಲ, ಹುತ್ತಾನೂ ಇಲ್ಲ ಕಣಯ್ಯಾ. ಬಳ್ಳಿ ಜಾಸ್ತಿ ಇದ್ದ ಊರು, ಅಷ್ಟೇ" ಎಂದರು ಅವರು.

ಅಭ್ಯಾಸಬಲ ನೋಡಿ, ನನ್ನ ದೊಡ್ಡ ಗಂಟಲು ತಾನಾಗಿ ಕೂಗಿಬಿಟ್ಟಿತು: "ಎಲ್ಲಿದೆ ಸಾರ್? ಪುಟ ಎಷ್ಟು?"

ಪ್ರಿನ್ಸಿಪಾಲರು ನನ್ನನ್ನು ನೋಡಿದರು, ಮೇಡಂ ಕಡೆ ನೋಡಿದರು. ಆಮೇಲೆ ಕನ್ನಡಕ ಸರಿಮಾಡಿಕೊಂಡು ಡ್ರಾಯರಿನ ಮುಂದೆ ಬಗ್ಗಿದರು.

"ನಾಗರತ್ನಮ್ಮಾ, ಇದ್ರಲ್ಲಿ 'ಬ' ಎಲ್ಲಮ್ಮಾ?"

ಅರ್ಧ ಗಂಟೆ ಹುಡುಕಿದರೂ ಬಳ್ಳಿ ಸಿಗಲಿಲ್ಲ. ಮುಂದಿನ ಶನಿವಾರ ಎಲ್ಲರಿಗಿಂತ ಮೊದಲು ಬಂದು ಕೂತಿದ್ದವರು ಅವರೇ, ಎದುರು ತಂಡದಲ್ಲಿ.

ಇಷ್ಟು ಬರೆದು ನಿಲ್ಲಿಸಿದಾಗ ಒಂದು ಅನುಮಾನ ಬಂತು. ನಾಗರತ್ನ ಮೇಡಂ ಕೋಲಾರದ ಕಡೆಯವರು ಎಂದು ಇಷ್ಟು ವರ್ಷ ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ. ನನಗೆ ಹಾಗೆಂದವರು ಯಾರು? ಎಷ್ಟು ಯೋಚಿಸಿದರೂ ಹೊಳೆಯಲಿಲ್ಲ. ನಾಳೆ ಬೆಳಗಿನ ಬಸ್ಸಿಗೇ ಮಧುರೆಗೆ ಹೋಗಿ ಕೃಷ್ಣಪ್ಪನನ್ನು ಕೇಳುತ್ತೇನೆ. ಅವನು ಏನೇ ಹೇಳಲಿ, ಇನ್ನೊಬ್ಬರನ್ನು ಕೇಳದೆ ನಂಬುವುದಿಲ್ಲ.