ಫೇಲಾಗಲು ಓದಿದ ಭಾವ

ನನ್ನ ಭಾವನಿಗೆ ಸ್ಟೇಷನ್ನಿನಲ್ಲಿ ರೂಲ್‌ಬುಕ್ ಎಂದೇ ಹೆಸರು. ಸಿಗ್ನಲ್ ಕ್ಯಾಬಿನ್ನಿನಲ್ಲಿ ಇಪ್ಪತ್ತೊಂಬತ್ತು ವರ್ಷ ರೈಲಿಗೆ ಸಿಗ್ನಲ್ ಕೊಡುವ ಲಿವರ್ ಎಳೆದವರು. ಯಾವ ನಿಯಮ ಎಲ್ಲಿದೆ ಎಂದು ಕೇಳಿದರೆ ಪುಟದ ಜೊತೆಗೆ ಅಲ್ಲಿರುವ ಅಚ್ಚಿನ ತಪ್ಪನ್ನೂ ಹೇಳುತ್ತಿದ್ದರು. ಮದುವೆಯಾದ ಹೊಸದರಲ್ಲಿ ನನ್ನ ಅಕ್ಕನಿಗೂ ಪಾಠ ಮಾಡಿದ್ದರು: ಹೋಮ್ ಸಿಗ್ನಲ್ ಗಾಡಿಯನ್ನು ನಿಲ್ದಾಣದೊಳಗೆ ಬಿಡುವುದು, ಸ್ಟಾರ್ಟರ್ ಹೊರಗೆ ಕಳಿಸುವುದು. ಅಂಥವರು ಕಳೆದ ವರ್ಷ ಪರೀಕ್ಷೆಯಲ್ಲಿ ಫೇಲಾಗಲೇಬೇಕೆಂದು ಹಟ ಹಿಡಿದರು.

ಕಾರಣ ಒಂದು ಕಬ್ಬಿಣದ ಬಳೆ. ಲೈನಿನ ಮೇಲೆ ಗಾಡಿ ನಿಂತಿದ್ದರೆ, ಅಲ್ಲಿಗೆ ಇನ್ನೊಂದನ್ನು ಬಿಡಬಾರದೆಂಬ ನೆನಪಿಗೆ ಆ ಲೈನಿನ ಲಿವರ್‌ಗೆ ಬಳೆ ತೊಡಿಸುತ್ತಾರೆ. ನಮ್ಮಂಥ ಹಳೇ ಸ್ಟೇಷನ್ನಿನಲ್ಲಿ ಲೈನು ಖಾಲಿಯಿದೆಯೋ ಇಲ್ಲವೋ ಎಂದು ಹೇಳುವ ಯಂತ್ರವಿಲ್ಲ. ಕಣ್ಣು, ನೆನಪು, ಬಳೆ, ಇಷ್ಟೇ. ಒಂದು ಮಧ್ಯಾಹ್ನ ಎರಡನೇ ಲೈನಿನಲ್ಲಿ ಸಿಮೆಂಟಿನ ವ್ಯಾಗನ್ನುಗಳು ನಿಂತಿದ್ದವು. ಭಾವ ಬಳೆ ತೊಡಿಸಿದ್ದರು. ಪ್ಯಾಸೆಂಜರ್ ಗಾಡಿ ಹತ್ತಿರ ಬಂದಾಗ ನೋಡುತ್ತಾರೆ, ಕೈ ಅದೇ ಲಿವರ್ ಮೇಲಿದೆ, ಬಳೆ ಗೋಡೆಯ ಗೂಟದಲ್ಲಿ ತೂಗುತ್ತಿದೆ. ಕ್ಯಾಬಿನ್ನಿನಲ್ಲಿ ಬೇರೆ ನರಪಿಳ್ಳೆ ಇರಲಿಲ್ಲ, ತೆಗೆದವರು ಅವರೇ. ತೆಗೆದದ್ದು ಮಾತ್ರ ನೆನಪಿಲ್ಲ. ಕಿಟಕಿಯಾಚೆ ವ್ಯಾಗನ್ನು ಕಂಡದ್ದರಿಂದ ಕೈ ಹಿಂದೆಗೆದರು. ನಾಲ್ಕು ತಿಂಗಳಲ್ಲಿ ಹೀಗೆ ಮೂರು ಸಲ ಆಯಿತು.

ಡಾಕ್ಟರು ಕಣ್ಣು, ಕಿವಿ, ರಕ್ತದೊತ್ತಡ ನೋಡಿ ಎಲ್ಲ ಸರಿಯಿದೆ, ಚೆನ್ನಾಗಿ ನಿದ್ದೆ ಮಾಡಿ ಎಂದರು. ಬೇರೆ ಕೆಲಸ ಕೊಡಿ ಎಂದು ಬರೆದ ಅರ್ಜಿ ‘ಬದಲಿ ಜನವಿಲ್ಲ’ ಎಂಬ ಒಂದು ಸಾಲು ಹೊತ್ತು ವಾಪಸು ಬಂತು. ರಾಜೀನಾಮೆಗೂ ಅದೇ ಸಾಲು. ಉಳಿದದ್ದು ಮೂರು ವರ್ಷಕ್ಕೊಮ್ಮೆ ನಡೆಯುವ ಅರ್ಹತಾ ಪರೀಕ್ಷೆ. ಅದರಲ್ಲಿ ಫೇಲಾದವರನ್ನು ಅಂದೇ ಲಿವರಿನಿಂದ ದೂರವಿಡಬೇಕೆಂದು ನಿಯಮವಿದೆ.

ಲೋಕವೆಲ್ಲ ಪಾಸಾಗಲು ಓದಿದರೆ ನಮ್ಮ ಭಾವ ಅಡುಗೆಮನೆಯಲ್ಲಿ ಕೂತು ಫೇಲಾಗಲು ಓದಿದರು. ಅಕ್ಕ ಸೊಪ್ಪು ಬಿಡಿಸುತ್ತ ಪ್ರಶ್ನೆ ಕೇಳುವಳು. ಎಷ್ಟೇ ಬಾಯಿಪಾಠ ಮಾಡಿದ್ದರೂ ತಪ್ಪು ಉತ್ತರ ಬರುತ್ತಿರಲಿಲ್ಲ, ನಾಲಗೆ ತಾನಾಗಿ ಸರಿಯಾದದ್ದನ್ನೇ ಹೇಳಿಬಿಡುತ್ತಿತ್ತು. ‘ನಾನು ಹುಟ್ಟಿದ ದಿನವನ್ನು ಪ್ರತಿ ವರ್ಷ ತಪ್ಪು ಹೇಳುತ್ತೀರಿ, ಇದೊಂದನ್ನು ತಪ್ಪು ಹೇಳಲು ಏನು ಕಷ್ಟ’ ಎಂದು ಅಕ್ಕ ತಲೆ ಚಚ್ಚಿಕೊಂಡಳು. ಇಬ್ಬರೂ ನಕ್ಕರು. ಅವರು ನಕ್ಕದ್ದನ್ನು ನಾನು ಕಂಡದ್ದು ಅದೇ ಕೊನೆ.

ಪರೀಕ್ಷೆ ಮಾಡಲು ಬಂದ ಸಾಹೇಬರು ಭಾವನ ಕೈಕೆಳಗೇ ಲಿವರ್ ಎಳೆಯಲು ಕಲಿತವರು. ಸ್ಟೇಷನ್ ಆಫೀಸಿನ ಗುಮಾಸ್ತನಾದ ನಾನು ಫಲಿತಾಂಶ ಬರೆಯಲು ಪಕ್ಕದಲ್ಲಿ ಕೂತಿದ್ದೆ. ಹೋಮ್ ಸಿಗ್ನಲ್ ಎಂದರೇನು ಎಂದು ಕೇಳಿದ್ದಕ್ಕೆ ಭಾವ ಹೇಗೋ ನಾಲಗೆ ತಿರುಚಿ ಸ್ಟಾರ್ಟರಿನ ಕಥೆ ಹೇಳಿದರು. ‘ಗುರುಗಳು ನನ್ನನ್ನೇ ಪರೀಕ್ಷೆ ಮಾಡುತ್ತಿದ್ದಾರೆ’ ಎಂದು ಸಾಹೇಬರು ಗಹಗಹಿಸಿ ನಕ್ಕು ಸರಿ ಗುರುತು ಹಾಕಿದರು. ಬಳೆ ಯಾವಾಗ ತೆಗೆಯಬೇಕು ಎಂದರೆ, ಮನಸ್ಸು ಬಂದಾಗ ಎಂದರು ಭಾವ. ಅದಕ್ಕೂ ನಗು, ಅದಕ್ಕೂ ಸರಿ ಗುರುತು. ಇಷ್ಟು ವರ್ಷ ಸಂಪಾದಿಸಿದ ಒಳ್ಳೆಯ ಹೆಸರೇ ಅವರ ಕುತ್ತಿಗೆಗೆ ಬಂದಿತ್ತು.

ಕೊನೆಗೆ ಭಾವ ನಾಟಕ ಬಿಟ್ಟರು.

“ಬಳೆ ತೆಗೆದದ್ದು ನನಗೇ ಗೊತ್ತಾಗ್ತಿಲ್ಲಪ್ಪ. ಮೂರು ಸಲ ಆಯ್ತು. ನಾಲ್ಕನೇ ಸಲ ಕಿಟಕಿ ಕಡೆ ನೋಡ್ತೀನಿ ಅನ್ನೋ ನಂಬಿಕೆ ಇಲ್ಲ. ನನ್ನನ್ನ ಅಲ್ಲಿಂದ ಎಬ್ಬಿಸು.”

ಸಾಹೇಬರ ನಗು ನಿಂತಿತು. ಎದ್ದು ಹೋಗಿ ಬಾಗಿಲು ಹಾಕಿಕೊಂಡು ಬಂದರು.

“ಮೂರು ಜನ ಇರಬೇಕಾದ ಕಡೆ ಇಬ್ಬರಿದೀರಿ. ನಿಮ್ಮನ್ನ ಎಬ್ಬಿಸಿದ್ರೆ ಇನ್ನೊಬ್ಬರು ಹಗಲೂ ರಾತ್ರಿ ಒಬ್ಬರೇ ಕೂರಬೇಕು. ಅವರು ನಿಂತಲ್ಲೇ ನಿದ್ದೆ ಹೋಗ್ತಾರೆ. ನಾನೇನು ಮಾಡ್ಲಿ, ನೀವೇ ಹೇಳಿ ಗುರುಗಳೇ.”

ಸಾಹೇಬರು ನನ್ನ ಕಡೆ ನೋಡಿದರು. ನಾನು ‘ಅರ್ಹ’ ಎಂದು ಬರೆದೆ. ನನಗೂ ಬಾಯಿ ಇತ್ತು, ಬಿಚ್ಚಲಿಲ್ಲ. ಅದನ್ನು ನೆನೆದರೆ ಇವತ್ತಿಗೂ ನನ್ನ ಮೇಲೆ ನನಗೇ ಹೇಸಿಗೆ.

ನಾವು ಮನೆ ಮುಟ್ಟಿದಾಗ ಅಕ್ಕ ಬಾಗಿಲಲ್ಲೇ ಕಾಯುತ್ತಿದ್ದಳು. ಪಾಸು ಎಂದರು ಭಾವ. ಅಕ್ಕ ಒಳಗೆ ಹೋಗಿ ಮಗಳಿಗೆ ಫೋನ್ ಮಾಡಿದಳು. ಮದುವೆಯಾಗಿ ಪಕ್ಕದ ಊರಿನಲ್ಲಿರುವ ಅವಳು ದಿನವೂ ಬೆಳಗಿನ ಪ್ಯಾಸೆಂಜರಿನಲ್ಲಿ ನಮ್ಮ ಸ್ಟೇಷನ್ ದಾಟಿ ಕೆಲಸಕ್ಕೆ ಹೋಗುತ್ತಾಳೆ.

“ನಾಳೆಯಿಂದ ನೀನು ಬಸ್ಸಲ್ಲಿ ಹೋಗೇ.”

ಯಾಕಮ್ಮ ಎಂದು ಅವಳು ಕೇಳಿರಬೇಕು. ಹೇಳಿದಷ್ಟು ಕೇಳು ಎಂದು ಅಕ್ಕ ಗದರಿ ಫೋನ್ ಇಟ್ಟಳು. ಭಾವನ ಮುಖ ಮಾತ್ರ ನೋಡಲಿಲ್ಲ. ಒಪ್ಪಿದಳಾ ಎಂದು ಭಾವ ಕೇಳಿದರು. ಒಪ್ಪಿದಳು ಎಂದಾಗ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡವರು ಬಹಳ ಹೊತ್ತು ಹೊರಗೆ ಬರಲಿಲ್ಲ.

ಮಾರನೆಯ ಬೆಳಿಗ್ಗೆ ಪ್ಯಾಸೆಂಜರ್ ಎಂದಿನಂತೆ ತುಂಬಿಕೊಂಡು ಬಂತು. ಲಿವರ್ ಎಳೆದವರು ಭಾವ.