ಹೊಟ್ಟೆ ತುಂಬದ ಕೌದಿ

ಚಿಕ್ಕೇರೂರಿನ ಶಿವಬಸವ್ವನಿಗೆ ಮೂರ್ಛೆರೋಗವಿತ್ತು. ಅದಕ್ಕಿಂತ ದೊಡ್ಡ ರೋಗ ಅವಳ ತಿರುಗಾಟದ್ದು ಎಂದು ಅಣ್ಣ ಕುಬೇರಪ್ಪ ಗೊಣಗುತ್ತಿದ್ದ. ಹಳೆ ಸೀರೆಗಳನ್ನು ಪದರು ಪದರಾಗಿ ಜೋಡಿಸಿ ಕೌದಿ ಹೊಲಿಯುವುದು ಅವಳ ಕಸುಬು. ಸುಗ್ಗಿ ಮುಗಿದದ್ದೇ ತಡ, ಸೂಜಿ ದಾರದ ಜೊತೆ ರೊಟ್ಟಿಯ ಗಂಟು ಕಟ್ಟಿಕೊಂಡು ಹಾನಗಲ್ಲು, ಶಿಗ್ಗಾಂವಿ, ಸವಣೂರು ಎಂದು ಒಬ್ಬಳೇ ಹೊರಟುಬಿಡುವಳು.

"ಹಾದ್ಯಾಗ ಬಿದ್ರ ಯಾರ ನೋಡ್ತಾರ ತಂಗೀ?"

"ಮನ್ಯಾಗ ಬಿದ್ದಾಗ ನೀ ಎಲ್ಲಿದ್ದಿ ಅಣ್ಣಾ? ಹೊಲದಾಗ ಇದ್ದಿ."

ಕುಬೇರಪ್ಪ ಸೋತ. ಆದರೂ ಒಂದು ಷರತ್ತು ಹಾಕಿದ. ರೋಗದ ಸಲುವಾಗಿ ಯಾರಾದರೂ ಅವಳನ್ನು ಮನೆಯಿಂದ ಹೊರಗೆ ಹಾಕಿದ ಸುದ್ದಿ ಬಂದರೆ ಅವತ್ತಿಗೇ ತಿರುಗಾಟ ಬಂದ್. ಅವಳು ಒಪ್ಪಿದಳು.

ಅದು ಯುದ್ಧದ ಕಾಲ. ಇದ್ದಿಲ ಹೊಗೆಯ ಮೇಲೆ ಓಡುವ ಬಸ್ಸು ಏರು ಬಂದಲ್ಲಿ ನಿಂತುಬಿಡುತ್ತಿತ್ತು. ಅದಕ್ಕೆ ದುಡ್ಡು ಬೇರೆ ಕೊಡಬೇಕು. ಶಿವಬಸವ್ವ ನಡೆದೇ ಹೋಗುತ್ತಿದ್ದಳು. ಗಾಡಿ ಸಿಕ್ಕರೆ ಅಂಚಿಗೆ ಕೂಡದೆ ಚೀಲಗಳ ನಡುವೆ ಕೂಡುವಳು. ಕೆರೆಯ ಏರಿ ಬಿಟ್ಟು ಸುತ್ತುದಾರಿ ಹಿಡಿಯುವಳು. ಬಾವಿಗೆ ಬಗ್ಗುವುದಿಲ್ಲ, ಒಲೆಯ ಹತ್ತಿರ ಕೂಡುವುದಿಲ್ಲ. ಮಠದಲ್ಲಿ ಊಟ, ಮಠದ ಪಡಸಾಲೆಯಲ್ಲೇ ನಿದ್ದೆ. ಕೆಲಸ ಕೊಟ್ಟ ಮನೆಯಲ್ಲಿ ಮಾತ್ರ ಮೊದಲೇ ತನ್ನ ರೋಗದ ವಿಷಯ ಹೇಳಿಬಿಡುತ್ತಿದ್ದಳು.

ಶಿಗ್ಗಾಂವಿಯ ನಮ್ಮ ಮನೆಯಲ್ಲಿ ಹೇಳಲಿಲ್ಲ. ಅವ್ವನ ಹೊಟ್ಟೆಯಲ್ಲಿ ಆಗ ನಾನಿದ್ದೆ, ಹೊಲಿಯಬೇಕಾದದ್ದು ನನ್ನ ಕೌದಿ. ಬಸುರಿ ಇರುವ ಮನೆಯವರು ಇಂಥದ್ದಕ್ಕೆ ಹೆದರುತ್ತಾರೆಂದು ಅವಳಿಗೆ ಗೊತ್ತಿತ್ತು. ಬೇಗ ಮುಗಿಸಿ ಹೋದರಾಯಿತು ಅಂದುಕೊಂಡಳು. ಇನ್ನೊಂದೇ ಮೂಲೆ ಉಳಿದಿದ್ದಾಗ ಅಂಗಳದಲ್ಲಿ ಬಿದ್ದಳು, ಬಾಯಿಂದ ನೊರೆಯ ಬುರುಗು ಬಂತು.

ನನ್ನಜ್ಜಿ ವೀರವ್ವ ಕೆಟ್ಟವಳಲ್ಲ, ಅಂಜುಬುರುಕಿ. ತನ್ನ ಅಂಜಿಕೆಗಳಿಗೆಲ್ಲ ಶಾಸ್ತ್ರ ಎಂದು ಹೆಸರಿಟ್ಟಿದ್ದಳು.

"ಎಲ್ಲವ್ವ ಮೈದುಂಬ್ಯಾಳ, ಭಂಡಾರ ತರ್ರಿ," ಎಂದು ಓಣಿಯನ್ನೇ ಕರೆದಳು. ಒದ್ದಾಡುತ್ತಿದ್ದವಳ ಹಣೆಗೆ ಅರಿಸಿನ ಬಳಿದು, ಉಡಿಯಲ್ಲಿ ತೆಂಗಿನಕಾಯಿ ಇಟ್ಟು, "ಗಂಡೋ ಹೆಣ್ಣೋ ಹೇಳ ತಾಯಿ," ಎಂದು ಕೈಮುಗಿದು ಕೂತಳು.

ಶಿವಬಸವ್ವ ಕಣ್ಣು ತೆರೆದಾಗ ಸುತ್ತ ಕೈಮುಗಿದ ಮಂದಿ. ಸುಮ್ಮನಿದ್ದರೆ ಸಾಕಿತ್ತು, ದೇವರಾಗಿ ತಿರುಗಿದ್ದರೆ ಬಸ್ಸಿನವನೂ ಪುಕ್ಕಟೆ ಕೂಡಿಸಿಕೊಳ್ಳುತ್ತಿದ್ದ. ಆದರೆ ದೇವರ ಕೈಗೆ ಯಾರು ಸೂಜಿ ಕೊಡುತ್ತಾರೆ?

"ದೇವಿ ಅಲ್ಲರಿ ಗೌಡ್ತಿ, ಮೂರ್ಛೆ ಬ್ಯಾನಿ. ಸಣ್ಣಾಕಿ ಇದ್ದಾಗಿಂದ ಐತಿ."

ಅಜ್ಜಿ ಮೊದಲು ತೆಂಗಿನಕಾಯಿ ವಾಪಸು ತೆಗೆದುಕೊಂಡಳು. "ಬಸರಿ ಇರೋ ಮನಿ. ಆ ಬುರುಗು ತಾಗಿದ್ರ ಕೂಸಿಗೂ ಬರ್ತೈತಿ. ಎದ್ದ ನಡಿ."

ಶಿವಬಸವ್ವನಿಗೆ ಅಣ್ಣನ ಷರತ್ತು ನೆನಪಾಯಿತು. ಆದರೂ ಅತ್ತು ಕರೆದು ಮಾಡಲಿಲ್ಲ. ಗಂಟು ಕಟ್ಟಿ ಕೌದಿಯ ಕಡೆ ಕೈ ತೋರಿಸಿದಳು.

"ಮೂಲಿ ಹಂಗ ಉಳದೈತ್ರಿ. ನಾ ಸವಣೂರ ಹಾದಿ ಹಿಡೀತೇನಿ. ಮೆಲ್ಲಕ ನಡೀತೇನಿ."

ಆ ಮಾತು ಅಜ್ಜಿಯನ್ನು ತಿನ್ನತೊಡಗಿತು. ಕೌದಿಯ ಕೊನೆಯ ಮೂಲೆಯೊಳಗೆ ರೊಟ್ಟಿಯ ಚೂರು ಇಟ್ಟು ಮುಚ್ಚಬೇಕು. ಕೌದಿಯ ಹೊಟ್ಟೆ ತುಂಬಿಸುವುದೆಂದರೆ ಅದೇ. ತುಂಬದ ಕೌದಿಯಲ್ಲಿ ಮಲಗಿದ ಕೂಸು ಹಸಿದೇ ಬೆಳೆಯುತ್ತದೆ, ಮೊದಲ ಹೊಲಿಗೆ ಹಾಕಿದ ಕೈಯೇ ಕೊನೆಯದನ್ನೂ ಹಾಕಬೇಕು ಎನ್ನುವುದು ಅಜ್ಜಿಯ ಶಾಸ್ತ್ರ. ರೋಗಕ್ಕೆ ಅಂಜಬೇಕೋ ಹಸಿವಿಗೆ ಅಂಜಬೇಕೋ ತಿಳಿಯದೆ ಒಳಗೆ ಹೊರಗೆ ಓಡಾಡಿ, ಕೊನೆಗೆ ಗಾಡಿ ಹೂಡಿಸಿದಳು.

ಸವಣೂರ ಹಾದಿಯಲ್ಲಿ ಶಿವಬಸವ್ವ ಬೇವಿನ ನೆರಳಿಗೆ ಕೂತು ರೊಟ್ಟಿ ತಿನ್ನುತ್ತಿದ್ದಳು.

"ಗಾಡಿ ಹತ್ತು," ಎಂದಳು ಅಜ್ಜಿ.

"ಹತ್ತತೇನ್ರಿ. ಆದ್ರ ಓಣಿ ಮಂದಿನ್ನೆಲ್ಲಾ ಮತ್ತ ಕರೀಬೇಕು. ಮೊದಲ ಹೇಳ್ಬೇಕಾಗಿತ್ತು, ಹೇಳಲಿಲ್ಲ. ಈಗ ಹೇಳ್ತೇನಿ."

ಮಂದಿ ಕೂಡಿದರು. ಶಿವಬಸವ್ವ ಅಂಗಳದ ನಡುವೆ ನಿಂತು ಹೇಳಿದಳು. "ನಾ ಬಿದ್ರ ಸೂಜಿ ದೂರ ಸರಸ್ರಿ. ತಲಿ ಬುಡಕ ಅರಿವಿ ಇಟ್ಟು ಮಗ್ಗಲಾಗಿ ಮಲಗಸ್ರಿ. ಬಾಯಾಗ ಏನೂ ತುರಕಬ್ಯಾಡ್ರಿ, ಕೈಯಾಗ ಕಬ್ಬಿಣ ಕೊಡಬ್ಯಾಡ್ರಿ. ತಾನ ನಿಂದರ್ತೈತಿ. ನನ್ನ ಬುರುಗು ಯಾರಿಗೂ ಅಂಟಿಲ್ಲ, ನಮ್ಮಣ್ಣನ್ನ ಕೇಳ್ರಿ."

ಮರುದಿನ ಮೂಲೆಯಲ್ಲಿ ರೊಟ್ಟಿಯ ಚೂರು ಇಟ್ಟಳು. ಮುಚ್ಚುವಷ್ಟರಲ್ಲಿ ಮತ್ತೆ ಬಿದ್ದಳು. ಪಕ್ಕದ ಮನೆಯವಳು ಕೈಗೆ ಕೊಡಲು ಕೀಲಿಗೊಂಚಲು, ಮೂಸಿಸಲು ಉಳ್ಳಾಗಡ್ಡಿ ಹಿಡಿದು ಓಡಿ ಬಂದಳು.

"ಸರಿ ಅತ್ತಾಗ, ಆಕಿ ಹೇಳಿದ್ದು ಕೇಳಿಲ್ಲೇನು?" ಎಂದು ಅಜ್ಜಿ ಅವಳನ್ನು ಆಚೆ ದೂಡಿದಳು.

ಎಚ್ಚರವಾದಾಗ ಶಿವಬಸವ್ವ ಮಗ್ಗಲಾಗಿ ಮಲಗಿದ್ದಳು. ತಲೆಯ ಕೆಳಗೆ ಮೆತ್ತಗೆ ಏನೋ ಇತ್ತು. ನೋಡಿದರೆ ನನ್ನ ಕೌದಿ, ಅಂಚು ಬುರುಗಿನಿಂದ ಒದ್ದೆಯಾಗಿತ್ತು. ಗಾಬರಿಯಿಂದ ಎಳೆದು ತೆಗೆಯಹೋದಳು. ಪಕ್ಕದಲ್ಲೇ ಕೂತಿದ್ದ ಅಜ್ಜಿ ಅವಳ ಕೈ ಹಿಡಿದಳು.

"ಇರ್ಲಿ ಬಿಡು. ನಾಳೆ ಕೂಸು ಉಚ್ಚಿ ಹೊಯ್ಯೂದೂ ಅದರ ಮ್ಯಾಲನ."

ಆಮೇಲೆ ಸೂಜಿಗೆ ತಾನೇ ದಾರ ಪೋಣಿಸಿ ಕೊಟ್ಟಳು. ಚಿಕ್ಕೇರೂರಿನ ಅಣ್ಣನಿಗೆ ಯಾವ ಸುದ್ದಿಯೂ ಹೋಗಲಿಲ್ಲ. ಶಿವಬಸವ್ವ ಮೂಲೆ ಮುಚ್ಚಿ, ಗಾಡಿ ಬೇಡವೆಂದು ಹೇಳಿ, ಸವಣೂರಿಗೆ ಒಬ್ಬಳೇ ನಡೆದಳು.