ಮುಖ ತೋರಿಸಿ ಬದುಕಿದವಳು

ಡೋವಿ ಪೆಟಿಗ್ರೂ ಷಿಕಾಗೋದಲ್ಲಿ ಎಂಟು ವರ್ಷ ಮೂಕಿ ಚಿತ್ರಗಳ ನಟಿಯಾಗಿದ್ದಳು. ತನ್ನ ಚಿತ್ರ ಹೆಚ್ಚು ದೂರ ಓಡದಿರಲಿ ಎಂದು ಆ ಎಂಟೂ ವರ್ಷ ದೇವರನ್ನು ಬೇಡಿಕೊಂಡಳು. ಇದು ಗೊತ್ತಿದ್ದದ್ದು ಅವಳ ಅಣ್ಣ ಎಜೆಲ್‌ಗೆ ಮಾತ್ರ. ಬೇರೆ ಯಾರಿಗಾದರೂ ಹೇಳಿದ್ದರೆ ಹುಚ್ಚಿ ಎನ್ನುತ್ತಿದ್ದರು.

ಅವಳ ಹುಟ್ಟೂರು ಅಲಬಾಮಾದ ಟಾಬರ್ಟ್ ಕೌಂಟಿಯಲ್ಲಿತ್ತು. ಎಜೆಲ್ ಫ್ರಾನ್ಸಿನ ಯುದ್ಧ ಮುಗಿಸಿ ೧೯೧೯ರ ಮೇ ತಿಂಗಳಲ್ಲಿ ಊರಿಗೆ ಬಂದ. ಬಂದ ಭಾನುವಾರವೇ ಸೈನಿಕರ ಸಮವಸ್ತ್ರ ತೊಟ್ಟು ಚರ್ಚಿಗೆ ನಡೆದುಹೋದ. ಹಾದಿಯಲ್ಲಿ ಬಿಳಿಯರು ನೋಡಿದರು. ಕರಿಯನ ಮೈಮೇಲೆ ಆ ಉಡುಪು ಅವರಿಗೆ ಸಹಿಸಲಿಲ್ಲ. ಸೋಮವಾರ ಬೆಳಿಗ್ಗೆ ಮೂವರು ಕುದುರೆ ಹತ್ತಿ ಮನೆಗೇ ಬಂದರು. ಒಬ್ಬ ಬೇಲಿಯ ಬಳಿ ಕುದುರೆಗಳನ್ನು ಹಿಡಿದು ನಿಂತ. ಇಬ್ಬರು ಒಳಗೆ ನುಗ್ಗಿ ಎಜೆಲ್‌ನ ಕತ್ತುಪಟ್ಟಿ ಹಿಡಿದು ಅಂಗಳಕ್ಕೆ ಎಳೆತಂದರು. "ಬಿಚ್ಚೋ ಅದನ್ನ. ಆಮೇಲೆ ನೇಣಿನ ಮರ ತೋರಿಸ್ತೀವಿ," ಎಂದರು.

ಸೋಮವಾರ ಒಗೆಯುವ ದಿನ. ಊರ ಬಿಳಿಯರ ಬಟ್ಟೆಯನ್ನೆಲ್ಲ ಡೋವಿ ಅಂಗಳದ ಹಂಡೆಯಲ್ಲಿ ಕುದಿಸುತ್ತಿದ್ದಳು. ಆಗ ಅವಳಿಗೆ ಹತ್ತೊಂಬತ್ತು ವರ್ಷ. ಯೋಚನೆ ಮಾಡಿದ್ದರೆ ಕೈ ಏಳುತ್ತಿರಲಿಲ್ಲ. ಸಾಬೂನಿನ ಕುದಿನೀರನ್ನು ತಂಬಿಗೆಯಲ್ಲಿ ಮೊಗೆದು ಮುಂದಿದ್ದವನ ಮುಖಕ್ಕೆ ಎರಚಿದಳು. ಅವನು ಅರಚಿದ ಅರಚಾಟಕ್ಕೆ ಕುದುರೆಗಳು ಬೆದರಿದವು, ಇನ್ನೊಬ್ಬನ ಹಿಡಿತ ಸಡಿಲಿತು. "ಹಿಡೀರೋ, ಅವಳನ್ನ ಹಿಡೀರೋ!" ಎಂದು ಬೇಲಿಯ ಬಳಿಯವನು ಕೂಗುವಷ್ಟರಲ್ಲಿ ಅಣ್ಣ ತಂಗಿ ಜೌಗಿಗೆ ಇಳಿದಿದ್ದರು. ನಾಲ್ಕು ದಿನ ಕೊಳಚೆ ನೀರಿನಲ್ಲೇ ನಡೆದು ರೈಲು ಹಿಡಿದರು. ಅವರ ಮನೆ ಸುಟ್ಟು ಬೂದಿಯಾಯಿತೆಂದೂ, ಒಬ್ಬನ ಮುಖ ಅರ್ಧ ಬೆಂದಿದೆಯೆಂದೂ, ಡೋವಿಯ ಹೆಸರಿಗೆ ವಾರಂಟ್ ಇದೆಯೆಂದೂ ಆರು ತಿಂಗಳ ಮೇಲೆ ಸುದ್ದಿ ಬಂತು.

ಷಿಕಾಗೋದಲ್ಲಿ ಅವಳು ಲಾಂಡ್ರಿಯಲ್ಲಿ ಇಸ್ತ್ರಿಗೆ ನಿಂತಳು. ಚರ್ಚಿನವರು ಆಡಿಸಿದ ನಾಟಕದಲ್ಲಿ ಒಂದು ಸಣ್ಣ ಪಾತ್ರ ಮಾಡಿದಾಗ ಕ್ರೇನ್ ಅವಳನ್ನು ನೋಡಿದ. ರೈಲಿನಲ್ಲಿ ಹಾಸಿಗೆ ಹಾಸುವ ಕೆಲಸ ಬಿಟ್ಟು, ನಮ್ಮ ಕರಿಯ ಜನ ನೋಡಲೆಂದು ನಮ್ಮವರನ್ನೇ ಹಾಕಿಕೊಂಡು ಚಿತ್ರ ತೆಗೆಯುತ್ತಿದ್ದವನು ಅವನು.

"ಅಳೋದನ್ನ ಯಾರಿಗೆ ಬೇಕಾದ್ರೂ ಕಲಿಸ್ತೀನಿ ಕಣಮ್ಮ," ಎಂದ. "ನಿನ್ನ ಕಣ್ಣಲ್ಲಿ ಒಂದು ಹೆದರಿಕೆ ಇದೆಯಲ್ಲ, ಅದನ್ನ ಕಲಿಸೋಕೆ ನನ್ನ ಕೈಲಾಗಲ್ಲ."

ಎಲ್ಮೈರಾ ಡುವೇನ್ ಎಂದು ಅವಳಿಗೆ ಹೊಸ ಹೆಸರಿಟ್ಟ. ಹೆಸರು ಬದಲಾದರೆ ಸಾಕು ಎಂದುಕೊಂಡಳು ಡೋವಿ. ಮೊದಲ ಚಿತ್ರ ಮುಗಿದು, ರೀಲಿನ ಡಬ್ಬಿಗಳನ್ನು ಕ್ರೇನ್ ತನ್ನ ಹಳೇ ಫೋರ್ಡ್ ಕಾರಿಗೆ ತುಂಬುವಾಗಲೇ ಅವಳಿಗೆ ಅರಿವಾದದ್ದು.

"ಇದು ಎಲ್ಲೆಲ್ಲಿಗೆ ಹೋಗುತ್ತೆ, ಮಿಸ್ಟರ್ ಕ್ರೇನ್?"

"ನಮ್ಮೋರು ಎಲ್ಲಿದಾರೋ ಅಲ್ಲಿಗೆ."

"ಅಲಬಾಮಾಕ್ಕೂನಾ?"

"ಅಲ್ಲೇ ಜಾಸ್ತಿ ನಮ್ಮೋರು!"

ಅಂದಿನಿಂದ ಅವಳಿಗೆ ಸರಿಯಾದ ನಿದ್ದೆಯಿಲ್ಲ. ತಾನು ಇಲ್ಲಿ ಕದ ಹಾಕಿಕೊಂಡು ಕೂತರೇನು, ಮುಖ ಮಾತ್ರ ಊರೂರು ಅಲೆಯುತ್ತಿತ್ತು. ಅದೂ ಗೋಡೆಯಷ್ಟು ದೊಡ್ಡದಾಗಿ. ಕ್ಯಾಮೆರಾ ಹತ್ತಿರ ಬಂದಾಗೆಲ್ಲ ಅವಳು ಮುಖ ತಿರುಗಿಸುವಳು, ಇಲ್ಲವೇ ಟೋಪಿಯನ್ನು ಹಣೆಯ ಮೇಲೆ ಎಳೆದುಕೊಳ್ಳುವಳು. ಕ್ಯಾಮೆರಾದವನು ಬೈಯುವನು. ಬಿಟ್ಟುಬಿಡು ಈ ಕೆಲಸ ಎಂದು ಎಜೆಲ್ ಎಷ್ಟೋ ಸಲ ಹೇಳಿದ. "ಬಿಟ್ಟು ಮತ್ತೆ ಅವರಿವರ ಲಂಗ ಒಗೀಲಾ?" ಎಂದು ಅವಳು ರೇಗಿದಳು. ಸ್ಟೇಟ್ ಸ್ಟ್ರೀಟಿನ ಚಿತ್ರಮಂದಿರದ ಹೊರಗೆ ಮುದುಕಿಯರು ಅವಳ ಕೈ ಹಿಡಿದು, "ನನ್ನ ಮಗಳನ್ನೇ ನೋಡಿದ ಹಾಗಾಯ್ತು ಕಣವ್ವ," ಎಂದು ಕಣ್ಣೊರೆಸಿಕೊಳ್ಳುತ್ತಿದ್ದರು. ಭಯಕ್ಕಿಂತ ಆ ಕೈಗಳ ಋಣ ದೊಡ್ಡದಾಗಿತ್ತು.

೧೯೨೫ರಲ್ಲಿ ಕ್ರೇನ್ ಕಂಪನಿ ಸೊರಗಿತು. ನಟಿಯೇ ಚಿತ್ರದ ಜೊತೆ ದಕ್ಷಿಣದ ಊರುಗಳಿಗೆ ಬಂದು ವೇದಿಕೆಯ ಮೇಲೆ ನಿಂತು ನಾಲ್ಕು ಮಾತಾಡಿದರೆ ಜನ ಮುಗಿಬೀಳುತ್ತಾರೆ ಎಂದು ಅವನ ಲೆಕ್ಕ. ಡೋವಿ ಒಂದು ವಾರ ಯೋಚಿಸಿದಳು. ಕೊನೆಗೆ, "ಬರ್ತೀನಿ. ಟಾಬರ್ಟ್ ಕೌಂಟಿಗೆ ಮಾತ್ರ ಕಾಲಿಡಲ್ಲ," ಎಂದಳು. ಅವನು ಯಾಕೆಂದು ಕೇಳಲಿಲ್ಲ. ದಕ್ಷಿಣದಿಂದ ಬಂದ ನಮ್ಮವರನ್ನು ಯಾರೂ ಆ ಪ್ರಶ್ನೆ ಕೇಳುತ್ತಿರಲಿಲ್ಲ.

ಮೂರು ವಾರ ಸುಸೂತ್ರವಾಗಿ ಕಳೆಯಿತು. ನಾಲ್ಕನೆಯ ವಾರ ಹೊಳೆಯೊಂದರ ಸೇತುವೆ ಕೊಚ್ಚಿಹೋಗಿ, ಕಾರು ಸುತ್ತುದಾರಿ ಹಿಡಿದು ಕೋರ್ಲಿ ಎಂಬ ಊರಿಗೆ ಬಂತು. ಅಲ್ಲಿಂದ ಟಾಬರ್ಟ್ ಗಡಿ ಒಂಬತ್ತೇ ಮೈಲಿ. ಡೋವಿ ಸೀಟಿನಲ್ಲಿ ಮುದುರಿ ಕೂತು ಮುಸುಕೆಳೆದುಕೊಂಡಳು.

ನಮ್ಮವರ ಸಂಘದ ಕಟ್ಟಡವನ್ನು ನೋಡಿಕೊಳ್ಳುತ್ತಿದ್ದ ವಿಧವೆ, ಊರಿಗೆಲ್ಲ ಅತ್ತೆಯಾದ ಫ್ರೋನಿ ಅತ್ತೆ, ಅವರಿಗೆ ಊಟಕ್ಕಿಟ್ಟಳು. ಡೋವಿ ತಲೆ ತಗ್ಗಿಸಿ ತಿನ್ನುತ್ತಿದ್ದಳು.

"ಯಾವ ಕಡೆಯೋಳವ್ವ ನೀನು?"

"ಷಿಕಾಗೋ."

"ಹೌದಾ?" ಎಂದಳು ಫ್ರೋನಿ ಅತ್ತೆ. "ಷಿಕಾಗೋದೋರೂ ಜೋಳದ ರೊಟ್ಟೀನ ಹಿಂಗೇ ಮಜ್ಜಿಗೇಲಿ ಕಿವುಚ್ಕೊಂಡು ತಿಂತಾರಾ? ನಂಗೊತ್ತಿರಲಿಲ್ಲ ಬಿಡು."

ಡೋವಿಯ ಕೈಯ ತುತ್ತು ಕೈಯಲ್ಲೇ ಉಳಿಯಿತು. ಅತ್ತೆ ಮತ್ತೇನೂ ಕೇಳದೆ ಇನ್ನಷ್ಟು ಮಜ್ಜಿಗೆ ಬಗ್ಗಿಸಿದಳು.

ಶನಿವಾರ ಮಧ್ಯಾಹ್ನ ಕಿಟಕಿಗಳಿಗೆ ಕೌದಿ ಹೊದಿಸಿ ಆಟ ಶುರು ಮಾಡಿದರು. ಎಪ್ಪತ್ತು ಎಂಬತ್ತು ಜನ. ಮೂಲೆಯಲ್ಲಿ ಪಿಯಾನೋ. ಡೋವಿ ಗೋಡೆ ಬದಿಯ ಬೆಂಚಿನಲ್ಲಿ ತನ್ನ ಸರದಿಗೆ ಕಾಯುತ್ತಿದ್ದಳು. ಮೈಮೇಲೆ ಸಾದಾ ಬೂದು ಲಂಗ. ರೇಷ್ಮೆಯದನ್ನು ಚಿತ್ರ ಮುಗಿಯುವ ಹೊತ್ತಿಗೆ ತೊಡುವುದಿತ್ತು. ಎರಡನೇ ರೀಲಿನ ನಡುವೆ ಬಾಗಿಲು ದಡಾರನೆ ತೆರೆದು ಬಿಸಿಲು ಒಳನುಗ್ಗಿತು. ಬಿಸಿಲಿನ ನಡುವೆ ಒಬ್ಬ ಬಿಳಿಯ, ಸೊಂಟದಲ್ಲಿ ಪಿಸ್ತೂಲು, ಎದೆಯಲ್ಲಿ ಬಿಲ್ಲೆ. ಪೊಲೀಸ್ ಅಧಿಕಾರಿ ಷರೀಫನ ಕೈಕೆಳಗಿನ ಡೆಪ್ಯುಟಿ.

"ಸಿಪಾಯಿ ವೇಷದ ಕರಿಯ ಬರ್ತಾನಂತೆ ಇದರಲ್ಲಿ. ನಿಲ್ಸು."

ಪಿಯಾನೋ ನಿಂತಿತು. ಡೋವಿಗೆ ತಕ್ಷಣ ಗುರುತಾಯಿತು. ಆ ದನಿ ಬೇಲಿಯ ಬಳಿ ಕೂಗಿದ ದನಿ.

ಕ್ರೇನ್ ಯಂತ್ರದ ಹಿಡಿಕೆ ತಿರುಗಿಸುತ್ತಲೇ, "ನಿಲ್ಸಿದ್ರೆ ದೀಪದ ಕಾವಿಗೆ ಫಿಲಂ ಹತ್ಕೊಳ್ಳುತ್ತೆ ಸಾರ್, ಕಟ್ಟಡಾನೇ ಉರಿದುಹೋಗುತ್ತೆ. ರೀಲು ಮುಗಿದ ತಕ್ಷಣ ನಿಲ್ಸ್ತೀನಿ," ಎಂದ.

ಪರದೆಯ ಮೇಲೆ ಸಿಪಾಯಿ ಇರಲಿಲ್ಲ, ಡೋವಿ ಇದ್ದಳು. ಓಡಿ ಬಂದು, ಏದುಸಿರು ಬಿಡುತ್ತ, ಕಣ್ಣಗಲಿಸಿ ಹಿಂದಿರುಗಿ ನೋಡುತ್ತಿದ್ದಳು. ಡೆಪ್ಯುಟಿ ಎರಡು ಹೆಜ್ಜೆ ಮುಂದೆ ಬಂದ, ಬಾಗಿಲು ಅವನ ಹಿಂದೆ ಮುಚ್ಚಿಕೊಂಡಿತು.

"ಇವಳನ್ನ ಎಲ್ಲೋ ನೋಡಿದೀನಿ," ಎಂದ. "ಟಾಬರ್ಟ್ ಕಡೆ ಬಟ್ಟೆ ಒಗೀತಿದ್ದೋಳಲ್ವಾ?"

ಬಾಗಿಲು ಇದ್ದದ್ದು ಒಂದೇ, ಅದಕ್ಕೆ ಅಡ್ಡವಾಗಿ ಅವನೇ ನಿಂತಿದ್ದ.

ಫ್ರೋನಿ ಅತ್ತೆ ಸೊಂಟ ಹಿಡಿದುಕೊಂಡು ಎದ್ದಳು. "ನೋಡಿರ್ತೀರ ಬುದ್ದೀ, ಯಾಕೆ ನೋಡಿರಲ್ಲ? ಹೋದ ವಾರ ಅಂಗಡಿ ಮುಂದೆ ನನ್ನ ನೋಡಿ 'ಏನೇ ಲೂಲಾ' ಅಂದ್ರಿ. ಲೂಲಾ ಸತ್ತು ಎರಡು ವರ್ಷ ಆಯ್ತು, ಪಾಪ. ನಮ್ಮೆಲ್ಲರ ಮೂತಿನೂ ಒಂದೇ ಥರ ಅಲ್ವಾ?"

"ನಮ್ಮತ್ತಿಗೆ ಥರಾನೂ ಅವ್ಳೆ ಬುದ್ದೀ," ಎಂದ ಹಿಂದಿನ ಸಾಲಿನ ಮುದುಕನೊಬ್ಬ.

"ಬಾಯ್ಮುಚ್ರಿ! ನಟಿ ಬಂದಿದಾಳೆ ಅಂತ ಪೋಸ್ಟರಲ್ಲಿ ಹಾಕಿದೀರಲ್ಲ, ಎಲ್ಲಿ ಅವಳು?"

"ಎಲ್ಲಿ ಬಂದ್ಲು ಬುದ್ದೀ! ಷಿಕಾಗೋ ರಾಣಿ, ನಮ್ಮೂರ ಧೂಳಿಗೆ ಬರ್ತಾಳಾ? ಟೋಪಿ ಹಾಕಿಬಿಟ್ರು ನಮಗೆ." ಅತ್ತೆ ಥಟ್ಟನೆ ಗೋಡೆಯ ಕಡೆ ತಿರುಗಿದಳು. "ಏಯ್ ಹುಡುಗಿ! ಗೂಬೆ ಹಂಗೆ ಏನು ಕೂತಿದೀಯ? ಸಾಹೇಬ್ರು ಬಿಸಿಲಲ್ಲಿ ಬಂದವ್ರೆ, ಕಾಣಲ್ವಾ? ನಿಂಬೆ ಪಾನಕ ಕೊಡು!"

ಡೋವಿಗೆ ಕೂಗಿ ಓಡಬೇಕೆನ್ನಿಸಿತು. ಆದರೆ ಕಾಲುಗಳು ಎದ್ದವು. ಬೆನ್ನು ಬಗ್ಗಿತು, ಕೆಳತುಟಿ ಜೋತುಬಿತ್ತು. ಕಾಲೆಳೆಯುತ್ತ ಮೇಜಿನ ಬಳಿ ಹೋಗಿ ಲೋಟ ತುಂಬಿದಳು. ಅವನ ಮೊಣಕೈ ಪಕ್ಕಕ್ಕೆ ಬಂದು ನಿಂತು ನೀಡಿದಳು. ತಂಬಾಕಿನ ವಾಸನೆ, ಚರ್ಮದ ಪಟ್ಟಿಯ ವಾಸನೆ ಮೂಗಿಗೆ ಬಡಿಯಿತು. ಅವನು ಕೈ ಚಾಚಿ ತೆಗೆದುಕೊಂಡ. ಕಣ್ಣು ಮಾತ್ರ ಪರದೆಯ ಮೇಲಿನ ಅವಳ ಮುಖ ಬಿಟ್ಟು ಕದಲಲಿಲ್ಲ. ಗುಟುಕು ಗುಟುಕಾಗಿ ಕುಡಿದ. ಖಾಲಿ ಲೋಟವನ್ನು ಪಕ್ಕಕ್ಕೆ ಹಿಡಿದ. ಅವಳು ಇಸಿದುಕೊಂಡಳು.

ರೀಲು ಮುಗಿದು ಪರದೆ ಬೆಳ್ಳಗಾಯಿತು.

"ಹೊತ್ತು ಮುಳುಗೋದ್ರೊಳಗೆ ಈ ಪೆಟ್ಟಿಗೆ ಸಮೇತ ಜಾಗ ಖಾಲಿ ಮಾಡು," ಎಂದು ಕ್ರೇನ್‌ಗೆ ಹೇಳಿ ಅವನು ಹೊರನಡೆದ. ಕುದುರೆಯ ಸದ್ದು ದೂರವಾಗುವವರೆಗೂ ಎಂಬತ್ತು ಜನ ಕೂತಲ್ಲೇ ಕೂತಿದ್ದರು.

ಕಾರಿನ ಬಳಿ ಡೋವಿ ಅತ್ತೆಯ ತೋಳು ಹಿಡಿದುಕೊಂಡಳು. "ಅವನ ಹತ್ರಾನೇ ಕಳಿಸಿದ್ರಲ್ಲ ಅತ್ತೆ! ನನ್ನ ಜೀವ ಹೋಗಿತ್ತು."

"ಸುಮ್ನೆ ಕೂತಿದ್ರೆ ನೋಡ್ತಿದ್ದ. ಕೆಲಸ ಮಾಡೋರ ಮುಖ ಅವರು ನೋಡಲ್ಲ ಮಗಳೇ." ಮುದುಕಿ ಕಾರಿನ ಬಾಗಿಲು ತೆರೆದಳು. "ಹೊರಡು, ಹೊರಡು. ನೀನು ಹೋಗ್ತೀಯ, ನಾನು ಇಲ್ಲೇ ಇರಬೇಕು."

ಹದಿನೈದು ದಿನದ ಮೇಲೆ ಕೋರ್ಲಿಯ ಸಂಘದ ಕಟ್ಟಡ ಉರಿದುಹೋಯಿತು. ಯಾರು ಹಚ್ಚಿದರೆಂದು ಯಾರೂ ಬಾಯಿಬಿಡಲಿಲ್ಲ. ಡೆಪ್ಯುಟಿಗೆ ನೆನಪು ಬಂತೋ, ಸುಮ್ಮನೆ ಸಿಟ್ಟೋ, ಗೊತ್ತಾಗಲಿಲ್ಲ. ಕ್ರೇನ್ ಆ ಸುದ್ದಿ ತಂದ ದಿನ ಡೋವಿ ಊಟ ಮಾಡಲಿಲ್ಲ. ಮರುದಿನ ಎಜೆಲ್‌ನ ಕೈಯಲ್ಲಿ ಕಾಗದ ಬರೆಸಿ, ರೈಲು ಟಿಕೆಟ್ಟನ್ನೂ ಇಟ್ಟು ಅತ್ತೆಗೆ ಕಳಿಸಿದಳು.

ಒಂದು ತಗಡಿನ ಪೆಟ್ಟಿಗೆ ಹೊತ್ತುಕೊಂಡು ಫ್ರೋನಿ ಅತ್ತೆ ಷಿಕಾಗೋಗೆ ಬಂದಿಳಿದಳು. ಡೋವಿ ಇನ್ನೆರಡು ಚಿತ್ರ ಮಾಡಿದಳು. ಮಾತಾಡುವ ಚಿತ್ರಗಳು ಬಂದ ಮೇಲೆ ಕ್ರೇನ್ ಕಂಪನಿ ಮುಚ್ಚಿತು, ರೀಲುಗಳು ಎಲ್ಲಿ ಹೋದವೋ ಯಾರಿಗೂ ತಿಳಿಯದು. ಡೋವಿ ಹೊಲಿಗೆ ಯಂತ್ರ ಇಟ್ಟುಕೊಂಡಳು. ಎರಡು ಕೋಣೆಯ ಮನೆಯಲ್ಲಿ ಅವಳೂ ಅತ್ತೆಯೂ ಹದಿನಾರು ವರ್ಷ ಒಟ್ಟಿಗಿದ್ದರು. ರೊಟ್ಟಿಗೆ ಉಪ್ಪು ಹೆಚ್ಚಾಯಿತೆಂದು ಜಗಳ, ಚರ್ಚಿಗೆ ತಡವಾಯಿತೆಂದು ಜಗಳ. ಬಾಗಿಲು ಬಡಿದ ಸದ್ದಾದರೆ ಮಾತ್ರ ಇಬ್ಬರೂ ಗಪ್‌ಚಿಪ್ಪಾಗಿ ಒಬ್ಬರನ್ನೊಬ್ಬರು ನೋಡುವರು. ಆಮೇಲೆ ಅತ್ತೆ, "ನೀನು ಒಳಗಿರು," ಎಂದು ಎದ್ದು ಹೋಗುವಳು.